ಬೀಟೆಯ ಧೂಳು, ಹಲಸಿನ ಹಳದಿ

ಬೀಟೆಮರವನ್ನು ಉಜ್ಜಿದಾಗ ಏಳುವ ಧೂಳು ನೇರಳೆ ಬೆರೆತ ಕಂದು. ಅಂಗೈ ಗೆರೆಗಳಲ್ಲಿ ಕೂತರೆ ಸೋಪಿಗೂ ಜಗ್ಗುವುದಿಲ್ಲ. ಅದೇ ಧೂಳು ಪಕ್ಕದಲ್ಲಿ ಕೂರಿಸಿದ ಹಲಸಿನ ಹಳದಿ ತುಂಡಿನ ರಂಧ್ರಗಳಿಗೆ ಇಳಿಯಿತೋ, ಚಿತ್ರದಲ್ಲಿದ್ದ ಸೂರ್ಯನಿಗೆ ಗ್ರಹಣ ಹಿಡಿದ ಹಾಗೆ. ಮೈಸೂರಿನ ಬೀಟೆ ಇನ್‌ಲೇ ಕಸುಬಿನ ಅರ್ಧ ಜಾಣತನ ಖರ್ಚಾಗುವುದು ಕಪ್ಪು ಮರ, ತಿಳಿ ಮರಗಳ ನಡುವಿನ ಗೆರೆ ಮಾಸದಂತೆ ನೋಡಿಕೊಳ್ಳುವುದರಲ್ಲೇ.

ಹಾಗಾಗಿ, ನಂಜನಗೂಡಿನ ಇನ್‌ಲೇ ಕೆಲಸದ ಆಚಾರ್ರೊಬ್ಬರು ಅರವತ್ತು ದಾಟಿದ ಮೇಲೆ ಮನೆಯ ಹಿತ್ತಲಿಗೆ ಡ್ರಮ್ ಸ್ಯಾಂಡರ್ ತರಿಸಿದ್ದಾರೆ ಎಂದು ಗೆಳೆಯರು ಹೇಳಿದಾಗ ನನಗೆ ಮೊದಲು ಹುಟ್ಟಿದ ಪ್ರಶ್ನೆ ಧೂಳಿನದ್ದೇ. ಅದನ್ನು ಕೇಳಲೆಂದೇ ಹೋದೆ. ಆಚಾರ್ರು ಮಾತಿಗೆ ಸಿದ್ಧರಿದ್ದರು, ಹೆಸರಿಗಲ್ಲ. “ಹೆಸರು ಹಾಕ್ಬೇಡಿ ಸಾರ್. ಆಮೇಲೆ ಊರಿನೋರೆಲ್ಲ ಬಾಗ್ಲು ಕಿತ್ಕೊಂಡು ಉಜ್ಜಿಸೋಕೆ ತರ್ತಾರೆ.”

ಯಂತ್ರದ ರಚನೆ ಸರಳ. ಲೋಹದ ಉರುಳೆಯೊಂದಕ್ಕೆ ಮೂರು ಅಂಗುಲ ಅಗಲದ ಉಪ್ಪುಕಾಗದದ ಪಟ್ಟಿಯನ್ನು ಓರೆಯಾಗಿ ಸುತ್ತಿರುತ್ತದೆ. ಅದರ ಅಡಿಯಲ್ಲಿ ಮೆಲ್ಲಗೆ ಸರಿಯುವ ಬೆಲ್ಟು. ಹಲಗೆಯನ್ನು ಈ ಕಡೆ ಇಟ್ಟರೆ ಬೆಲ್ಟು ಅದನ್ನು ಉರುಳೆಯ ಕೆಳಗೆ ಒಯ್ದು ಆ ಕಡೆ ಬಿಡುತ್ತದೆ. ಉರುಳೆಯ ಉದ್ದ 16 ಅಂಗುಲ. ಒಂದು ಪಕ್ಕ ತೆರೆದೇ ಇರುವುದರಿಂದ ಹಲಗೆಯನ್ನು ತಿರುಗಿಸಿ ಇನ್ನೊಮ್ಮೆ ಕೊಟ್ಟರೆ 32 ಅಂಗುಲದ ಅಗಲವೂ ನಡೆಯುತ್ತದೆ.

ಹತ್ತರಿ ಇಲ್ಲವೇ ಎಂದು ಕೇಳಬಹುದು. ಇನ್‌ಲೇ ಹಲಗೆಗೆ ಹತ್ತರಿ ಹಾಕುವಂತಿಲ್ಲ. ಆನೆಯ ಸೊಂಡಿಲಿನ ತುಂಡಿನಲ್ಲಿ ಮರದ ಎಳೆ ಒಂದು ದಿಕ್ಕಿಗಿದ್ದರೆ ಅಂಬಾರಿಯದ್ದು ಇನ್ನೊಂದು ದಿಕ್ಕಿಗೆ, ಮಾವುತನ ರುಮಾಲಿನದ್ದು ಮತ್ತೊಂದಕ್ಕೆ. ಒಂದಕ್ಕೆ ಹೊಂದುವ ಹತ್ತರಿ ಇನ್ನೊಂದನ್ನು ಕಿತ್ತೇ ಬಿಡುತ್ತದೆ. ಹಾಗಂತ ಕೈಯಲ್ಲಿ ಉಜ್ಜಿದರೆ ಮೆತ್ತನೆ ಮರ ಬೇಗ ಸವೆದು ತಗ್ಗಾಗುತ್ತದೆ, ಗಟ್ಟಿ ಬೀಟೆ ದಿಣ್ಣೆಯಂತೆ ಉಳಿಯುತ್ತದೆ. ಗಟ್ಟಿ ಉರುಳೆಗೆ ಈ ಪಕ್ಷಪಾತವಿಲ್ಲ.

ಆದರೆ ಯಂತ್ರ ಬಂದ ಮೊದಲ ವಾರ ಆಚಾರ್ರು ಅದಕ್ಕೆ ಬೀಟೆ ತೋರಿಸಲೇ ಇಲ್ಲ. ಹಿತ್ತಲಿನ ಕಡಪಾ ಕಲ್ಲಿನ ನೆಲ ನೀರು ಹರಿಯಲೆಂದು ಇಳಿಜಾರಾಗಿದೆ. ರಸಮಟ್ಟ ಇಟ್ಟು, ಕಾಲುಗಳ ಕೆಳಗೆ ತೇಗದ ಚಕ್ಕೆ ಕೊಟ್ಟು, ಅಲುಗಾಟ ನಿಲ್ಲಿಸುವುದಕ್ಕೇ ಒಂದು ದಿನ ಹೋಯಿತು. ಆಮೇಲೆ ಉರುಳೆಯೂ ಅದರ ಕೆಳಗಿನ ಹಾಸೂ ಸಮಾನಾಂತರವಾಗಿವೆಯೇ ಎಂಬ ಪರೀಕ್ಷೆ. ಒಂದೇ ಪಟ್ಟಿಯಿಂದ ಕೊಯ್ದ ಎರಡು ತುಂಡುಗಳನ್ನು ಉರುಳೆಯ ಎರಡು ತುದಿಗಳ ಅಡಿಗಿಟ್ಟು, ತಾಗುವವರೆಗೆ ಇಳಿಸಿ, ಕೈಯಿಂದ ಎಳೆದು ನೋಡಿದರು. ಒಂದು ತುಂಡು ಬಿಗಿ, ಇನ್ನೊಂದು ಸಲೀಸು. ಅಗಲ ಹಲಗೆಯೊಂದನ್ನು ಓಡಿಸಿ ವರ್ನಿಯರ್ ಹಿಡಿದರೆ ಅದೇ ಕಥೆ: ಒಂದು ಅಂಚು ತೆಳು. ಬೋಲ್ಟು ಸಡಿಲಿಸಿ ಸಂದಿಗೆ ಏನಾದರೂ ತೂರಿಸಬೇಕಿತ್ತು. ಅಂಗಡಿಯ ತಗಡುಗಳೆಲ್ಲ ದಪ್ಪವಾದವು. ಕೊನೆಗೆ ಕೂತದ್ದು ತಂಪು ಪಾನೀಯದ ಡಬ್ಬಿಯಿಂದ ಕತ್ತರಿಸಿದ ಚೂರು. ಅದರ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. “ಮೊಮ್ಮಗ ಕುಡಿದು ಬಿಸಾಕಿದ್ದು ಸಾರ್, ಲಕ್ಷದ ಮಿಷಿನ್ ನೆಟ್ಟಗಾಯ್ತು.”

ಬೆಲ್ಟು ಪಕ್ಕಕ್ಕೆ ಸರಿಯುವ ಚಾಳಿಯದ್ದು ಬೇರೆ ಪುರಾಣ. ಸ್ಕ್ರೂ ಕಾಲು ಸುತ್ತು ತಿರುಗಿಸಿ, ಅದು ಎತ್ತ ಹೊರಳುತ್ತದೆಂದು ಕಾದು, ಮತ್ತೆ ತಿರುಗಿಸಬೇಕು. ಅವಸರಪಟ್ಟರೆ ಬೆಲ್ಟಿನ ಅಂಚೇ ಹರಿಯುತ್ತದೆ. ಉಪ್ಪುಕಾಗದ ಸುತ್ತುವಾಗ ಸ್ವಲ್ಪ ಸಡಿಲ ಬಿಟ್ಟರೂ ಪಟ್ಟಿಯ ಮೇಲೆ ಪಟ್ಟಿ ಏರಿ, ಮರದ ಮೇಲೆ ಸುಟ್ಟ ಗೆರೆ ಬೀಳುತ್ತದೆ. ಬೀಟೆಯಲ್ಲಿ ಎಣ್ಣೆಯಂಶ ಹೆಚ್ಚು. ಬಿಸಿಗೆ ಅದು ಕರಗಿ ಕಾಗದಕ್ಕೆ ಅಂಟಿ, ಕಾಗದ ಗಾಜಿನಷ್ಟು ನುಣುಪಾಗುತ್ತದೆ. ಅದನ್ನು ತೆಗೆಯಲು ರಬ್ಬರಿನ ಗಟ್ಟಿಯೊಂದನ್ನು ತಿರುಗುವ ಉರುಳೆಗೆ ಒತ್ತಿ ಹಿಡಿಯುತ್ತಾರೆ. ಆಚಾರ್ರ ಕೈಯಲ್ಲಿದ್ದದ್ದು ಹಳೆಯ ಚಪ್ಪಲಿಯ ಕ್ರೇಪ್ ಅಟ್ಟೆ. ಹಿಡಿಯ ಒಂದು ಪೂರ್ತಿ ಸುತ್ತಿಗೆ ಉರುಳೆ 1/16 ಅಂಗುಲ ಇಳಿಯುತ್ತದೆ. ಅವರು 80 ನಂಬರಿನ ಕಾಗದದಲ್ಲೂ ಕಾಲು ಸುತ್ತು ದಾಟುವುದಿಲ್ಲ, 120ಕ್ಕೆ ಅದರ ಅರ್ಧವೂ ಇಲ್ಲ. ಕೂರಿಸಿದ ಚಿತ್ರದ ದಪ್ಪವೇ ಎರಡು ಮೂರು ಮಿಲಿಮೀಟರ್. ಆಸೆಪಟ್ಟು ಇಳಿಸಿದರೆ ಆನೆಯೇ ಮಾಯ.

ಈ ಕಸುಬಿನ ಹಿನ್ನೆಲೆ ಅವರ ಬಾಯಲ್ಲಿ ಕೇಳಿದ್ದು ಹೀಗೆ. ತಂದೆ ದೊಡ್ಡಜಾತ್ರೆಗೆ ಮುಂಚೆ ಶ್ರೀಕಂಠೇಶ್ವರನ ತೇರಿನ ರಿಪೇರಿಗೆ ಹೋಗುತ್ತಿದ್ದ ಬಡಗಿ. ಐದು ತೇರಿನ ಊರಿನಲ್ಲಿ ಹುಟ್ಟಿದ ಹುಡುಗ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಒಬ್ಬ ಮುಸ್ಲಿಂ ಉಸ್ತಾದರ ಬಳಿ ಇನ್‌ಲೇ ಕಲಿತ. ಉಸ್ತಾದರ ಹಿರಿಯರ ಕಾಲದಲ್ಲಿ ಬೀಟೆಗೆ ಕೂರಿಸುತ್ತಿದ್ದದ್ದು ಆನೆದಂತ. 1897ರಲ್ಲಿ ಮರದ ಅರಮನೆ ಸುಟ್ಟು, ಹೆನ್ರಿ ಇರ್ವಿನ್ ಕಟ್ಟಿ 1912ರಲ್ಲಿ ಮುಗಿಸಿದ ಅಂಬಾವಿಲಾಸದ ಬಾಗಿಲುಗಳಲ್ಲಿ ಆ ದಂತದ ಬಳ್ಳಿಗಳನ್ನು ಈಗಲೂ ನೋಡಬಹುದು. ವನ್ಯಜೀವಿ ಕಾಯ್ದೆ 1972ರಲ್ಲಿ ಬಂತು. 1986ರ ತಿದ್ದುಪಡಿ ದೇಶದೊಳಗಿನ ದಂತದ ವ್ಯಾಪಾರವನ್ನು ನಿಲ್ಲಿಸಿತು, 1991ರದ್ದು ಆಫ್ರಿಕಾದಿಂದ ಬರುತ್ತಿದ್ದುದನ್ನೂ ನಿಲ್ಲಿಸಿತು. ಅಷ್ಟರಲ್ಲಿ ಕಸುಬು ಬಣ್ಣಬಣ್ಣದ ಮರಗಳ ಕಡೆ ಹೊರಳಿಯಾಗಿತ್ತು. ಆನೆ ಉಳಿದದ್ದು ಸರಿಯೇ ಆಯಿತು. ಚಿತ್ರಗಳಲ್ಲೂ ಅದೇ ಉಳಿದುಕೊಂಡಿತು: ಇವತ್ತಿಗೂ ಹೆಚ್ಚು ಬಿಕರಿಯಾಗುವುದು ದಸರೆಯ ಜಂಬೂಸವಾರಿಯೇ.

ಉಳಿದ ಕೆಲಸವನ್ನು ಅವರು ಬೇಗ ಹೇಳಿ ಮುಗಿಸಿದರು. ಕಾಗದದ ಮೇಲೆ ಚಿತ್ರ, ಬಣ್ಣಕ್ಕೊಂದು ಮರ, ಫ್ರೆಟ್ ಗರಗಸದಲ್ಲಿ ಕೊಯ್ತ, ಬೀಟೆಯಲ್ಲಿ ಅದೇ ಆಕಾರದ ಗುಂಡಿ, ಗೋಂದು, ಒತ್ತಡ. ಬಣ್ಣ ಬಳಿಯುವುದಿಲ್ಲ. ಹಳದಿಗೆ ಹಲಸು, ಹೊಂಗಂದಿಗೆ ತೇಗ, ಕಪ್ಪಿಗೆ ಕರಿಮರ. ಹಲಸು ಬರುವುದು ಟಿ. ನರಸೀಪುರ ಕಡೆಯ ಸಾಮಿಲ್‌ಗಳಿಂದ. ಹೊಳೆಯಂಚಿನ ತೋಟದ ಹಳೆಯ ಮರವಾದರೆ ಹಳದಿ ಗಾಢ ಎನ್ನುತ್ತಾರೆ. ಗೋಂದಿನ ವಿಷಯ ಕೇಳಿದರೆ ನಕ್ಕು ಮಾತು ಬದಲಿಸಿದರು.

ಕೊನೆಗೂ ನನ್ನ ಪ್ರಶ್ನೆಗೆ ಬಂದೆವು. ಯಂತ್ರಕ್ಕೆ ನಾಲ್ಕಂಗುಲದ ಪೈಪು ಹಾಕಿ ಧೂಳನ್ನು ಗೋಡೆಯಾಚೆಗಿಟ್ಟ ಚೀಲಕ್ಕೆ ಎಳೆಸಿದ್ದಾರೆ. (ಅದಿಲ್ಲದ ಮೊದಲ ದಿನ ಒಣಹಾಕಿದ್ದ ಸಂಡಿಗೆಯೆಲ್ಲ ಕಂದಾಗಿ, ಮನೆಯವರು ಯಂತ್ರದ ಪ್ಲಗ್ಗನ್ನೇ ಕಿತ್ತಿದ್ದರಂತೆ.) ಆದರೂ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಹಲಗೆಯನ್ನು ಉರುಳೆಗೆ ಕೊಡುವ ಮೊದಲೇ ತಿಳಿ ಮರದ ತುಂಡುಗಳಿಗೆ ಅರಗಿನ ತೆಳು ಲೇಪ ಕೊಟ್ಟು ರಂಧ್ರ ಮುಚ್ಚುತ್ತಾರೆ. ಉರುಳೆಯ ಕೆಲಸ 120ಕ್ಕೇ ಮುಗಿಯುತ್ತದೆ. ಕೊನೆಯ ಪದರ ತೆಗೆಯುವುದು ಹಳೆಯ ಗರಗಸದ ಅಲಗಿನಿಂದ ಕತ್ತರಿಸಿದ ಉಕ್ಕಿನ ತುಂಡು. ಅಂಚನ್ನು ಮಸೆದು, ತುಸು ಮಡಿಸಿ, ಎರಡು ಹೆಬ್ಬೆರಳಿನಿಂದ ಬಾಗಿಸಿ ಹೆರೆದರೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಸುರುಳಿಗಳು ಏಳುತ್ತವೆ. ಧೂಳಿನ ಮಾತೇ ಇಲ್ಲ. ಈ ಹೆರೆತ ಉಸ್ತಾದರು ಕಲಿಸಿದ್ದು. ಹಿಂದಿನವರು ಉಪ್ಪುಕಾಗದದ ಬದಲು ಗರಗತ್ತಿ ಎಲೆಯಿಂದ ಉಜ್ಜುತ್ತಿದ್ದರಂತೆ.

ಉಸ್ತಾದರು ಕೊನೆಗಾಲದಲ್ಲಿ ಕೆಮ್ಮಿನಿಂದ ಬಳಲಿದರು. ಮರದ ಧೂಳು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ವರ್ಗೀಕರಿಸಿದೆ. ಹಿತ್ತಲುಗಳಲ್ಲಿ, ಬಾಗಿಲು ಮುಚ್ಚಿದ ಸಣ್ಣ ಕೋಣೆಗಳಲ್ಲಿ ಉಜ್ಜುವವರಿಗೆ ಆ ಸುದ್ದಿ ತಲುಪಿದ್ದನ್ನು ನಾನು ಕಂಡಿಲ್ಲ. ಕರಕುಶಲ ಎಂದರೆ ಎಲ್ಲವೂ ಕೈಯಲ್ಲೇ ಆಗಬೇಕೆಂದು ಹಟ ಹಿಡಿಯುವ ಕೊಳ್ಳುವವರಿಗೆ ಆ ಶ್ವಾಸಕೋಶಗಳನ್ನೊಮ್ಮೆ ತೋರಿಸಬೇಕು ಅನ್ನಿಸುತ್ತದೆ. ಚಿತ್ರ ಕೊಯ್ಯುವ ಕೈ ಉಳಿಯಲಿ, ಉಜ್ಜುವ ಭುಜಕ್ಕೆ ಬಿಡುವು ಸಿಗಲಿ.

ಆದರೆ ಬಿಡುವಿಗೆ ದುಡ್ಡು ಬೇಕು. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಕ್ಕೆ 15,000 ರೂಪಾಯಿಯವರೆಗೆ ನೆರವಿದೆ, ಶೇ 5ರ ಬಡ್ಡಿಗೆ ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲವಿದೆ. ನೆರವಿನ ಹಣ ಈ ಯಂತ್ರದ ಹತ್ತಿರಕ್ಕೂ ಸುಳಿಯದು; ಸಾಲಕ್ಕೆ ಆಚಾರ್ರು ಹೆದರಿದರು. ಹೆಂಡತಿಯ ಉಳಿತಾಯ, ಮಗನ ಸಂಬಳ ಸೇರಿಸಿ ತಂದರು. ಹತ್ತು ಮನೆಗಳಿಗೆ ಸೇರಿ ಒಂದು ಯಂತ್ರ, ಒಂದು ಧೂಳಿನ ಪೈಪು ಇರುವ ಶೆಡ್ಡನ್ನು ಮೈಸೂರಿನಲ್ಲೋ ಇಲ್ಲೋ ಯಾರಾದರೂ ಕಟ್ಟಿಕೊಡಬಾರದೇ? ನಂಜನಗೂಡಿನ ರಸಬಾಳೆಗೆ ಸಿಕ್ಕಂತೆ ಮೈಸೂರು ಬೀಟೆ ಇನ್‌ಲೇಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ಮಾನ್ಯತೆಯಿಂದ ಆಚಾರ್ರ ಹಿತ್ತಲಿಗೆ ಬಂದದ್ದು ಒಂದು ಪ್ರಮಾಣಪತ್ರದ ನಕಲು. ಅದಕ್ಕೆ ಅವರೇ ಬೀಟೆಯ ಚೌಕಟ್ಟು ಹಾಕಿಕೊಂಡಿದ್ದಾರೆ.

ಬೀಟೆಯೂ ದುರ್ಲಭ. 2017ರ ಜನವರಿಯಿಂದ ಬೀಟೆ ಸೇರಿದ ಡಾಲ್ಬರ್ಜಿಯಾ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಬಿದ್ದು ರಫ್ತು ತೊಡಕಾಯಿತು. ಹರಾಜಿನ ದಿಮ್ಮಿಗೆ ದೊಡ್ಡವರೊಡನೆ ಪೈಪೋಟಿ ಕೊಡಲು ಆಗದು. ಪ್ಲೈವುಡ್ಡಿಗೆ ಬೀಟೆಯ ತೆಳು ಪದರ ಅಂಟಿಸಿ ಮಾಡುವ ಅಗ್ಗದ ಚಿತ್ರಗಳ ಎದುರು ಇವರದ್ದು ದುಬಾರಿ. ಮಗ ಇಲ್ಲೇ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿದ್ದಾನೆ. ಭಾನುವಾರ ಬಂದು ಬೆಲ್ಟು, ಬೇರಿಂಗು ನೋಡಿಕೊಡುತ್ತಾನೆ. ಯಂತ್ರ ಅವನಿಗೆ ಇಷ್ಟ, ಮರ ಅಷ್ಟಿಲ್ಲ.

ಹೊರಡುವ ಮುನ್ನ ಅಟ್ಟದ ಮೇಲಿದ್ದ ಉಪ್ಪುಕಾಗದದ ಸುರುಳಿಗಳನ್ನು ತೋರಿಸಿದರು. ಬಿಡಿಯಾಗಿ ತರಿಸಿದರೆ ಸಾಗಣೆ ಖರ್ಚು ಜಾಸ್ತಿ ಎಂದು ಒಟ್ಟಿಗೇ ತರಿಸಿದ್ದಂತೆ. ಎಷ್ಟು ವರ್ಷಕ್ಕಾಗುತ್ತದೆ ಎಂದೆ. “ಕಾಗ್ದ ಮೂರು ವರ್ಷಕ್ಕೆ ಬರುತ್ತೆ ಸಾರ್. ಬೀಟೆ ಇರೋದು ಬರೋ ದಸರಾ ತನಕ. ಆಮೇಲೆ ಹಲಸು, ತೇಗ ಏನಾದ್ರೂ ಉಜ್ಜೋಣ, ಮಿಷಿನ್ ಸುಮ್ನೆ ನಿಲ್ಲಿಸೋಕಾಗುತ್ತಾ?”