ವಾರಕ್ಕೊಮ್ಮೆಯ ಸೂಜಿಮದ್ದು

ಮಧುಮೇಹವು ನಮ್ಮ ದೇಶಕ್ಕೆ ಹೊಸ ವ್ಯಾಧಿಯಲ್ಲ. ಹುಟ್ಟಿನಿಂದ ಬಂದುದು, ಅಪಥ್ಯದಿಂದ ಬಂದುದು ಎಂದು ಸುಶ್ರುತನು ಪ್ರಮೇಹವನ್ನು ಎರಡಾಗಿ ವಿಂಗಡಿಸಿ, ಮೊದಲನೆಯ ರೋಗಿಯು ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ಹೇಳಿದ್ದಾನೆ. ಈ ಸ್ಥೂಲರಿಗಾಗಿ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಮೌಂಜಾರೋ, ವೆಗೋವಿ ಎಂಬ ಮದ್ದುಗಳು 2025ರಲ್ಲಿ ನಮ್ಮ ದೇಶಕ್ಕೆ ಬಂದುವು. ರಾಯಲ್ಪಾಡಿನಂತಹ ಗಡಿಯೂರಿನಲ್ಲಿಯೂ “ಯಾವುದು ಮೇಲು?” ಎಂದು ಕೇಳುವವರುಂಟು. ಗೃಹಸ್ಥರಿಗೆ ಉಪಯೋಗವಾಗಲೆಂದು ಅವುಗಳ ತಾರತಮ್ಯವನ್ನು ಇಲ್ಲಿ ಬರೆದಿದೆ.

ಉಂಡೊಡನೆ ನಮ್ಮ ಕರುಳು ಜಿಎಲ್‌ಪಿ-1 ಎಂಬ ರಸವನ್ನು ಸ್ರವಿಸುವುದು. ಅದು ಇನ್ಸುಲಿನ್ನನ್ನು ಹೆಚ್ಚಿಸಿ, ಜಠರವು ಬರಿದಾಗುವುದನ್ನು ನಿಧಾನಗೊಳಿಸಿ, ಮಿದುಳಿಗೆ ತೃಪ್ತಿಯನ್ನು ತಿಳಿಸುವುದು. ಆದರೆ ಕೆಲವೇ ನಿಮಿಷಗಳಲ್ಲಿ ನಾಶವಾಗುವುದು. ಅದನ್ನೇ ಅನುಕರಿಸಿ ವಾರವೆಲ್ಲ ನಿಲ್ಲುವಂತೆ ರಚಿಸಿದ ಔಷಧವೇ ಸೆಮಾಗ್ಲುಟೈಡ್. ಮಧುಮೇಹಕ್ಕೆ ಕೊಡುವಾಗ ಇದಕ್ಕೆ ಒಜೆಂಪಿಕ್ ಎಂದೂ ಸ್ಥೌಲ್ಯಕ್ಕೆ ಕೊಡುವಾಗ ವೆಗೋವಿ ಎಂದೂ ಹೆಸರು. ಮೌಂಜಾರೋದಲ್ಲಿರುವ ಟಿರ್ಜೆಪಟೈಡ್, ಜಿಐಪಿ ಎಂಬ ಮತ್ತೊಂದು ರಸದ ಕೆಲಸವನ್ನೂ ಮಾಡುವುದು.

ಮಧುಮೇಹವಿಲ್ಲದ 751 ಸ್ಥೂಲರನ್ನು 72 ವಾರ ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟಿರ್ಜೆಪಟೈಡಿನಿಂದ ಸರಾಸರಿ ಶೇಕಡಾ 20ರಷ್ಟೂ ಸೆಮಾಗ್ಲುಟೈಡಿನಿಂದ ಸುಮಾರು 14ರಷ್ಟೂ ತೂಕ ಇಳಿಯಿತು. ತೂಕವೊಂದನ್ನೇ ನೋಡಿದರೆ ಮೌಂಜಾರೋ ಮೇಲು. ಆದರೆ ಮಧುಮೇಹವಿಲ್ಲದೆ ಹೃದ್ರೋಗವಿದ್ದ 17,604 ಮಂದಿ ಅಧಿಕತೂಕದವರಲ್ಲಿ ನಡೆದ ಪರೀಕ್ಷೆಯಿಂದ, ಸೆಮಾಗ್ಲುಟೈಡು ಹೃದಯಾಘಾತಾದಿ ಅಪಾಯಗಳನ್ನು ಶೇಕಡಾ 20ರಷ್ಟು ತಗ್ಗಿಸುವುದೆಂದು 2023ರಲ್ಲಿ ತಿಳಿದುಬಂದಿತು. ಆದುದರಿಂದ ರೋಗಿಯನ್ನು ನೋಡದೆ ಔಷಧವನ್ನು ಮೇಲು ಕೀಳೆನ್ನಲಾಗದು.

ಎರಡರಿಂದಲೂ ಓಕರಿಕೆ, ವಾಂತಿ, ಮಲಬದ್ಧತೆಗಳುಂಟು. ಅಪೂರ್ವವಾಗಿ ಮೇದೋಜೀರಕಾಂಗದ ಉರಿಯೂತವೂ ಉಂಟು. ಆದಕಾರಣ ಅಲ್ಪಮಾತ್ರೆಯಿಂದ ತೊಡಗಿ, ನಾಲ್ಕಾರು ವಾರಗಳಿಗೊಮ್ಮೆ ವೈದ್ಯರ ಅಪ್ಪಣೆಯಂತೆ ಏರಿಸತಕ್ಕದ್ದು. ಗರ್ಭಿಣಿಯರಿಗೆ ಇವು ಸಲ್ಲವು. ಇವು ಇನ್ಸುಲಿನ್ನಲ್ಲ, ಹುಟ್ಟುಮಧುಮೇಹದ ಮಗುವಿಗೆ ಇವನ್ನು ನಂಬಿ ಇನ್ಸುಲಿನ್ನನ್ನು ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಇನ್ನೊಂದು ಮುಖ್ಯ ಸಂಗತಿ. ಸೆಮಾಗ್ಲುಟೈಡನ್ನು ಬಿಟ್ಟವರಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ವರ್ಷದೊಳಗೆ ಮರಳಿತೆಂದು 2022ರ ಅಧ್ಯಯನವೊಂದು ತೋರಿಸಿತು. ಶ್ರೀನಿವಾಸಪುರದ ಸೀಮೆಯಲ್ಲಿ ಮಾವಿನ ಫಸಲಿನ ಹಣ ಬಂದಾಗ ಕೊಂಡು, ಅದು ತೀರಿದಾಗ ಬಿಡುವ ಮದ್ದು ಇದಲ್ಲ. ಎಷ್ಟು ಕಾಲ ಬೇಕಾಗುವುದು, ತಿಂಗಳಿಗೆಷ್ಟು ತಗಲುವುದು ಎಂಬುದನ್ನು ಮನೆಯವರೆಲ್ಲ ವೈದ್ಯರೊಡನೆ ಮೊದಲೇ ಆಲೋಚಿಸಬೇಕು. ತೂಕದೊಡನೆ ಮಾಂಸಖಂಡವೂ ಕರಗುವುದರಿಂದ, ಹಸಿವು ಕುಗ್ಗಿದರೂ ಅವರೆ, ಹುರುಳಿಗಳನ್ನು ಬಿಡಬಾರದು, ನಡಿಗೆಯನ್ನೂ ಬಿಡಬಾರದು. ಸೂಜಿಯು ಪಥ್ಯಕ್ಕೆ ಸಹಾಯಕವೇ ಹೊರತು ಅದರ ಸ್ಥಾನವನ್ನು ಆಕ್ರಮಿಸತಕ್ಕದ್ದಲ್ಲ.