ಪುಸ್ತಕದಿಂದ ಹೊರಗೆ ಚಾಚಿದ ಕೊಂಡಿ

"ಸರ್, ನೀಲಿ ಅಕ್ಷರ ಮುಟ್ಟಿದರೆ ಏನೂ ಬರುವುದಿಲ್ಲ."

ಬೆಳ್ತಂಗಡಿ ಕಡೆಯಿಂದ ಬರುವ ಹತ್ತನೇ ತರಗತಿಯ ಹುಡುಗಿಯ ದೂರು ಇದು. ಅಂದು ಕಿರುಪರೀಕ್ಷೆ. ಹಿಂದಿನ ರಾತ್ರಿ ಜೋರು ಮಳೆ, ಮನೆಯಲ್ಲಿ ನೆಟ್ ಇಲ್ಲ. ಫೋನಿನಲ್ಲಿದ್ದ ಇ-ಪುಸ್ತಕದಲ್ಲಿ ಮಾನವನ ಕಣ್ಣಿನ ಚಿತ್ರವೇ ಇರಲಿಲ್ಲ. ಚಿತ್ರವಿರುವ ಜಾಲತಾಣಕ್ಕೆ ಹೋಗುವ ಕೊಂಡಿ ಮಾತ್ರ ಇತ್ತು.

ಇಪಬ್ ಮಾದರಿಯ ಇ-ಪುಸ್ತಕವೆಂದರೆ ಪುಟಗಳನ್ನೂ ಚಿತ್ರಗಳನ್ನೂ ಸೇರಿಸಿ ಕಟ್ಟಿದ ಒಂದು ಗಂಟು. ಒಳಗಿನ ಕೊಂಡಿ ಅದೇ ಗಂಟಿನ ಇನ್ನೊಂದು ಪುಟಕ್ಕೆ ಒಯ್ಯುತ್ತದೆ. ಹೊರಗಿನ ಕೊಂಡಿ ದೂರದ ಕಂಪ್ಯೂಟರಿನ ಬಾಗಿಲು ತಟ್ಟುತ್ತದೆ. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಉಳಿದು ಬಂದ ಧವಲಾ ಗ್ರಂಥದ ತಾಳೆಗರಿಗಳನ್ನು ನೆನೆಯಿರಿ. ತಾಳೆಗರಿಯ ತೂತಿನಲ್ಲಿ ಹಾಯುವ ದಾರ ಇಡೀ ಗ್ರಂಥವನ್ನು ಒಂದೇ ಕಟ್ಟಿನಲ್ಲಿ ಹಿಡಿದಿಡುತ್ತದೆ. ಒಳಗಿನ ಕೊಂಡಿ ಅಂಥ ದಾರ.

ಪರೀಕ್ಷಿಸಿಯೇ ನೋಡೋಣವೆಂದು ಮಕ್ಕಳೊಡನೆ ಪುಟ್ಟ ಇ-ಪುಸ್ತಕವೊಂದನ್ನು ತಯಾರಿಸಿದೆ. ಅದರಲ್ಲಿ ಮೂರು ಕೊಂಡಿಗಳು: ಒಂದು ಒಳಪುಟಕ್ಕೆ, ಒಂದು ಜಾಲತಾಣಕ್ಕೆ, ಇನ್ನೊಂದು ಅದೇ ತಾಣದಲ್ಲಿ ಇಲ್ಲದ ಪುಟಕ್ಕೆ. ಬಂಟ್ವಾಳದ ಗೆಳೆಯರ ಇ-ರೀಡರ್, ನನ್ನ ಫೋನ್, ಶಾಲೆಯ ಕಂಪ್ಯೂಟರ್, ಮೂರರಲ್ಲೂ ತೆರೆದೆವು.

ಒಳಗಿನ ಕೊಂಡಿ ನೆಟ್ ಇಲ್ಲದೆಯೂ ಎಲ್ಲ ಕಡೆ ಕೆಲಸ ಮಾಡಿತು. ಹೊರಗಿನ ಕೊಂಡಿ ಮುಟ್ಟಿದೊಡನೆ ಫೋನು ಪುಸ್ತಕವನ್ನು ಮರೆಮಾಡಿ ಬ್ರೌಸರ್ ತೆರೆಯಿತು. ಇ-ರೀಡರ್ ಮೊದಲು ವೈಫೈ ಕೇಳಿತು. ಅನಂತರ ನಿಧಾನವಾಗಿ, ಬಣ್ಣವಿಲ್ಲದ ಪುಟವನ್ನು ತೋರಿಸಿತು. ಕಂಪ್ಯೂಟರಿನಲ್ಲಿ ಬೇರೆ ಕಿಟಕಿ ತೆರೆಯಿತು, ಪುಸ್ತಕ ಇದ್ದಲ್ಲೇ ಇತ್ತು. ಮೂರನೆಯ ಕೊಂಡಿಗೆ ಎಲ್ಲ ಕಡೆ ಒಂದೇ ಉತ್ತರ: 404, ಅಂದರೆ ಪುಟ ಸಿಗಲಿಲ್ಲ. ಇಂದು ಸರಿಯಾಗಿರುವ ಕೊಂಡಿಗೂ ನಾಳೆ ಇದೇ ಗತಿ ಬರಬಹುದು. ತಾಣ ಮುಚ್ಚಿದರೆ, ಪುಟದ ವಿಳಾಸ ಬದಲಾದರೆ ಪುಸ್ತಕಕ್ಕೆ ಅದು ತಿಳಿಯುವುದಿಲ್ಲ.

ನಮ್ಮ ಪಠ್ಯಪುಸ್ತಕಗಳಲ್ಲಿ ಅಚ್ಚಾಗಿರುವ, ದೀಕ್ಷಾ ತಾಣಕ್ಕೆ ಒಯ್ಯುವ ಕ್ಯುಆರ್ ಕೋಡ್ ಕೂಡ ಹೊರಗಿನ ಕೊಂಡಿಯೇ. ಅದು ಉಪಯುಕ್ತ, ಆದರೆ ಅಲ್ಲಿ ಪಾಠ ಕಾಗದದ ಮೇಲೂ ಇದೆ ಎಂಬುದನ್ನು ಗಮನಿಸಿ.

ವಿದ್ಯಾರ್ಥಿಗಳೇ, ಹೊಸ ಇ-ಪುಸ್ತಕ ಸಿಕ್ಕಿದಾಗ ಫೋನಿನ ನೆಟ್ ಆರಿಸಿ ಅದರ ಕೊಂಡಿಗಳನ್ನು ಮುಟ್ಟಿ ನೋಡಿ. ತೆರೆಯದವುಗಳಲ್ಲಿ ಪಾಠಕ್ಕೆ ಬೇಕಾದ್ದೇನಿದೆಯೆಂದು ನೆಟ್ ಇರುವಾಗಲೇ ನೋಡಿ ಬರೆದಿಟ್ಟುಕೊಳ್ಳಿ. ಪೋಷಕರೇ, ಕೊಂಡಿ ದಾಟಿದ ಮೇಲೆ ಮಗು ಇರುವುದು ಪುಸ್ತಕದಲ್ಲಲ್ಲ. ಅಲ್ಲಿ ಜಾಹೀರಾತು ಬರಬಹುದು, ಫೋನ್ ನಂಬರ್ ಕೇಳಬಹುದು. ಕೊಡಬಾರದೆಂದು ಮೊದಲೇ ತಿಳಿಹೇಳಿ.

ಆ ಹುಡುಗಿ ಈಗ ಕಣ್ಣಿನ ಚಿತ್ರವನ್ನು ಪೆನ್ಸಿಲಿನಲ್ಲಿ ಬಿಡಿಸಿ ನೋಟ್ಸಿನಲ್ಲಿ ಇಟ್ಟುಕೊಂಡಿದ್ದಾಳೆ. ಭಾಗಗಳ ಹೆಸರೂ ಅವಳಿಗೆ ಬಾಯಿಪಾಠ.