ಪ್ರೊಪೆಲ್ಲರ್ ನಿಂತರೆ ವಿಮಾನವೂ ನಿಂತಂತೆ!

ಪ್ರಶ್ನೆ: ತಾಂಬರಂನ ನಮ್ಮ ತಾರಸಿಯ ಮೇಲೆ ತರಬೇತಿ ವಿಮಾನಗಳು ಹಾರುತ್ತವೆ. 400 ಮಿ.ಮೀ. ಲೆನ್ಸ್‌ನಲ್ಲಿ ತೆಗೆದರೆ ಪ್ರೊಪೆಲ್ಲರ್ ತಿರುಗದೆ ನಿಂತಂತೆ ಕಾಣುತ್ತದೆ. ಏಕೆ?

ಉತ್ತರ: ತಾಂಬರಂನಲ್ಲಿ 1954ರಿಂದ ವಾಯುಪಡೆಯ ವೈಮಾನಿಕ ಬೋಧಕರ ಶಾಲೆಯಿದೆ. ಅಲ್ಲಿಂದ ಹಾರುವ ಪಿಲಾಟಸ್ ಪಿಸಿ-7 ಮಾರ್ಕ್ 2 ವಿಮಾನದ ಪ್ರೊಪೆಲ್ಲರ್‌ಗೆ ನಾಲ್ಕು ಅಲಗುಗಳು. ಅದು ನಿಮಿಷಕ್ಕೆ 2000 ಸುತ್ತು ತಿರುಗುತ್ತದೆ ಎಂದುಕೊಳ್ಳಿ. ಶಟರ್ ವೇಗ 1/2000 ಸೆಕೆಂಡ್ ಇದ್ದರೆ ಅಷ್ಟರಲ್ಲಿ ಅಲಗು ಸರಿಯುವುದು ಕೇವಲ 6 ಡಿಗ್ರಿ. ಅದಕ್ಕೇ ನಿಂತಂತೆ ಕಾಣುತ್ತದೆ. 1/125 ಸೆಕೆಂಡಿನಲ್ಲಾದರೆ 96 ಡಿಗ್ರಿ ಸರಿಯುತ್ತದೆ; ನಾಲ್ಕು ಅಲಗೂ ಸೇರಿ ಸುಂದರವಾದ ಪೂರ್ಣ ಚಕ್ರ ಮೂಡುತ್ತದೆ.

ಆದರೆ ಉದ್ದ ಲೆನ್ಸ್ ಕೈನಡುಕವನ್ನೂ ಹಿಗ್ಗಿಸುತ್ತದೆ. ಆದ್ದರಿಂದ 1/320ರಿಂದ ಶುರುಮಾಡಿ, ಕೈ ಪಳಗಿದಂತೆ ವೇಗ ಇಳಿಸುತ್ತ ಬನ್ನಿ. ಪಾದ ಊರಿ, ಮೊಣಕೈಗಳನ್ನು ಎದೆಗೊತ್ತಿ, ಸೊಂಟದಿಂದ ತಿರುಗುತ್ತ ವಿಮಾನವನ್ನು ಹಿಂಬಾಲಿಸಿ. ಗುಂಡಿ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಒಂದೇ ಬಾರಿಗೆ ಹತ್ತಾರು ಚಿತ್ರ ತೆಗೆದರೆ ಒಂದೆರಡಾದರೂ ಸ್ಪಷ್ಟವಾಗಿ ಸಿಗುತ್ತವೆ.

ಒಂದು ಎಚ್ಚರಿಕೆ: ವಾಯುನೆಲೆಯತ್ತ ಕ್ಯಾಮೆರಾ ತಿರುಗಿಸಬೇಡಿ. 2024ರ ಅಕ್ಟೋಬರ್ 6ರಂದು ಮರೀನಾ ಕಡಲತೀರದಲ್ಲಿ ನಡೆದಂತಹ ಸಾರ್ವಜನಿಕ ವೈಮಾನಿಕ ಪ್ರದರ್ಶನಗಳೇ ಹಾರುವ ವಿಮಾನಗಳ ಚಿತ್ರ ತೆಗೆಯಲು ಕಲಿಯುವುದಕ್ಕೆ ಸರಿಯಾದ ಜಾಗ.